ಕಾಯಿಲ್‌ಗೆ ಅಂಟಿದ ಭಕ್ತಿ

ನಾನು ಏಸಿ ರಿಪೇರಿಯವನು. ನಜರ್‌ಬಾದಿನ ಒಂದು ಮನೆಯಿಂದ, ಏಸಿ ಓಡುತ್ತೆ, ತಂಪಾಗಲ್ಲ ಎಂದು ಫೋನ್ ಬಂತು. ಹೋಗಿ ನೋಡಿದರೆ ಗ್ಯಾಸ್ ಸರಿಯಾಗಿಯೇ ಇತ್ತು. ಗೋಡೆಯ ಯೂನಿಟ್ಟಿನ ಮುಚ್ಚಳ ತೆಗೆದೆ. ಗಾಳಿಯನ್ನು ತಂಪು ಮಾಡುವ ಕಾಯಿಲ್ ತುಂಬ ಕಪ್ಪು ಜಿಡ್ಡು, ಘಮಘಮ ಗಂಧದ ವಾಸನೆ! ಕೆಳಗೇ ದೇವರ ಗೂಡು.

“ದಿನಕ್ಕೆ ಎಷ್ಟು ಊದುಬತ್ತಿ ಹಚ್ತೀರಮ್ಮಾ?”

“ದೇವರಿಗೆ ಯಾರಾದ್ರೂ ಎಣಿಸಿ ಹಚ್ತಾರೇನಪ್ಪಾ?” ಎಂದರು ಮನೆಯ ಅಜ್ಜಿ.

ಅವತ್ತು ಬೆಳಿಗ್ಗೆ ನಾನು ಎಣಿಸಿ ಎರಡೇ ಕಡ್ಡಿ ಹಚ್ಚಿ ಬಂದಿದ್ದೆ. ಇವರ ಭಕ್ತಿ ನೋಡಿದರೆ ಗಾಳಿಯನ್ನೇ ತಡೆದು ನಿಲ್ಲಿಸಿದೆ! ಹೊಟ್ಟೆ ಉರಿಯಿತು. ಕಾಯಿಲ್ ತೊಳೆಯುತ್ತಾ, “ಕಡ್ಡಿ ಕಮ್ಮಿ ಮಾಡ್ಬೇಕು ನೀವು” ಎಂದೆ.

“ಅದೊಂದು ಆಗಲ್ಲ ಕಣಪ್ಪ. ಬೇಕಾದ್ರೆ ಏಸಿನೇ ಬಿಚ್ಕೊಂಡು ಹೋಗ್ಬುಡು.”

ನನಗೆ ನಾಚಿಕೆಯಾಯಿತು. “ಬೇಡಮ್ಮ, ಪೂಜೆ ಹೊತ್ತಲ್ಲಿ ಏಸಿ ಆಫ್ ಮಾಡಿ ಕಿಟಕಿ ತೆಗೀರಿ, ಸಾಕು” ಎಂದೆ.

“ಇದನ್ನ ಮೊದಲೇ ಹೇಳ್ಬಾರ್ದಿತ್ತೇನಪ್ಪಾ?”

ಹೇಳಬಹುದಿತ್ತು. ಹೇಳಲು ಬಿಡದಿದ್ದದ್ದು ನನ್ನ ಹೊಟ್ಟೆಕಿಚ್ಚು. ಅದಕ್ಕಾಗಿ ಮಾರನೆಯ ಬೆಳಿಗ್ಗೆ ದೇವರಲ್ಲಿ ಕ್ಷಮೆ ಕೇಳಿ, ಎಣಿಸದೆ ಒಂದು ಹಿಡಿ ಊದುಬತ್ತಿ ಹಚ್ಚಿದೆ. ಆದರೇನು, ನಮ್ಮ ಮನೆಯಲ್ಲಿ ಏಸಿ ಇಲ್ಲ. ನನ್ನ ಭಕ್ತಿ ಎಷ್ಟು ಅಂಟಿತು ಅಂತ ಮುಚ್ಚಳ ತೆಗೆದು ನೋಡುವ ಹಾಗಿಲ್ಲ.