ಅರಿಶಿಣದ ಗುಳಿಗೆಗೆ ತುಪ್ಪದೋಸೆ

ಗೆಳೆಯರೇ, ನನ್ನ ಮೊಣಕಾಲಿನ ಚಿಕಿತ್ಸೆ ಇವತ್ತು ಬೆಳಿಗ್ಗೆ ಪುಣೆಯ ಕ್ಯಾಂಪ್ ಪ್ರದೇಶದ ಹೋಟೆಲೊಂದರಲ್ಲಿ, ಹೆಂಡತಿಯ ಎದುರೇ ಬಯಲಾಯಿತು.

ಎರಡು ವಾರದ ಹಿಂದೆ ನೋವಿಗೆಂದು ಅರಿಶಿಣದ ಗುಳಿಗೆ ತಂದಿದ್ದೆ. ಅರಿಶಿಣದ ಸತ್ವ ಸುಲಭವಾಗಿ ಮೈಗೆ ಹತ್ತುವುದಿಲ್ಲವಂತೆ. ಅದಕ್ಕೇ ಕರಿಮೆಣಸಿನ ಸಾರ ಸೇರಿಸಿದ್ದಾರೆ, ಜಿಡ್ಡಿನ ಆಹಾರದ ಜೊತೆ ನುಂಗಿ ಎಂದೂ ಡಬ್ಬಿಯ ಮೇಲೆ ಬರೆದಿದ್ದಾರೆ. ಬರೆದದ್ದನ್ನು ಪಾಲಿಸುವ ಮನುಷ್ಯ ನಾನು.

ಇವತ್ತು ಹೆಂಡತಿಯೂ ಜೊತೆಗೆ ಬಂದಳು. ಕುಂದಾಪುರ ಕಡೆಯ ಹೋಟೆಲ್ ಯಜಮಾನರು ನಾವು ಕೂರುವ ಮೊದಲೇ ಕೇಳಿದರು, "ದಿನದ ಹಾಗೆ ಎರಡು ತುಪ್ಪದೋಸೆ ಅಲ್ವಾ ಮಾರಾಯ್ರೆ?"

"ದಿನಾ ಎರಡೇನ್ರಿ?" ಎಂದಳು ಹೆಂಡತಿ.

"ಔಷಧ ಮೈಗೆ ಹತ್ತಬೇಕಲ್ಲ. ಜಿಡ್ಡು ಬೇಕಂತ ಡಬ್ಬಿ ಮ್ಯಾಲೆ ಬರದದ" ಎಂದೆ, ವೈದ್ಯನ ಗಾಂಭೀರ್ಯದಲ್ಲಿ.

"ಹೌದ್ರಿ? ಹಂಗಾರ ಗುಳಿಗಿ ತೋರಸ್ರಿ."

ಜೇಬು ತಡಕಿದೆ. ಕರವಸ್ತ್ರ ಸಿಕ್ಕಿತು, ಬೈಕಿನ ಕೀಲಿ ಸಿಕ್ಕಿತು. ಅವಳು ತನ್ನ ಚೀಲದಿಂದ ಡಬ್ಬಿ ತೆಗೆದು ಟೇಬಲ್ ಮೇಲಿಟ್ಟಳು.

"ಇದರ ಸೀಲು ಇನ್ನಾ ಒಡದಿಲ್ಲಲ್ರಿ."

ಯಜಮಾನರು ಮುಖ ತಿರುಗಿಸಿಕೊಂಡು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ದೋಸೆ ಬಂತು. ಅವಳು ಸೀಲು ಒಡೆದು ನನ್ನ ಅಂಗೈಗೆ ಒಂದು ಗುಳಿಗೆ ಹಾಕಿದಳು, ದೋಸೆಯ ತುದಿ ಮುರಿದು ಒಂದು ತುತ್ತು ಕೊಟ್ಟಳು.

"ಒಂದ್ ಗುಳಿಗಿಗಿ ಇಷ್ಟು ಜಿಡ್ಡು ಭಾಳ ಆತ್ರಿ."

ಉಳಿದದ್ದನ್ನು, ಎರಡನೆಯ ದೋಸೆಯನ್ನೂ ಸೇರಿಸಿ, ಅವಳೇ ಮುಗಿಸಿದಳು. ಅವಳ ಮೊಣಕಾಲಿಗೆ ಯಾವ ನೋವೂ ಇಲ್ಲ, ಗೆಳೆಯರೇ.