ತೊಳೆದ ಉಸುಕು

ನನ್ನ ನಾದಿನಿಯ ಮೊದಲ ಕೂಸು ಹೊಟ್ಟೆಯಲ್ಲೇ ಸತ್ತಿತ್ತು, ಚಕ್ಕಡಿ ಗೋಕಾಕದ ದವಾಖಾನೆ ಮುಟ್ಟುವ ಮೊದಲೇ. ಅದಕ್ಕೇ ಆಕೆ ಎರಡನೆಯ ಹೆರಿಗೆಗೆ ಕೌಜಲಗಿಯ ನಮ್ಮ ಮನೆಗೆ ಬಂದಾಗ ನನ್ನ ಗಂಡ ತಮ್ಮ ಹಳೆಯ ಕಾರನ್ನು ತಂಗಿಗಾಗಿ ಸಜ್ಜು ಮಾಡಿ ನಿಲ್ಲಿಸಿದ್ದರು. ಅದನ್ನು ಓಡಿಸಬಲ್ಲವರು ಅವರೊಬ್ಬರೇ.

ದಿನ ತುಂಬಿದ ಹೊತ್ತಿಗೇ ಅದರ ಪೆಟ್ರೋಲ್ ಪೈಪು ಸೀಳಬೇಕೇ? ಟಾಕಿಯಿಂದ ಇಂಜಿನ್ನಿಗೆ ಹೋಗುವ ತಾಮ್ರದ ಸಣ್ಣ ಪೈಪು. ಸಾಬೂನು ಮೆತ್ತಿದರೂ ಸೋರುವುದು ನಿಲ್ಲಲಿಲ್ಲ. ಅಂಗಳದ ತುಂಬ ಪೆಟ್ರೋಲ್ ವಾಸನೆ. ಅತ್ತೆ ದೀಪ ಹಚ್ಚಲೂ ಹೆದರಿದರು. ನನಗಂತೂ ಆ ಕಾರು ಕಂಡರೇ ಮೈ ಉರಿಯುತ್ತಿತ್ತು.

ಇವರು ಹೊಸ ಪೈಪು ತಂದರು. ಅದು ನೇರ ಇತ್ತು, ಕಾರಿಗೆ ಹೊಂದುವಂತೆ ಬಗ್ಗಿಸಬೇಕಿತ್ತು. ಹಾಗೇ ಬಗ್ಗಿಸಿದರೆ ಮಡಿಕೆ ಬಿದ್ದು ಮುಚ್ಚಿಕೊಳ್ಳುತ್ತದೆ. ಒಳಗೆ ಒಣ ಉಸುಕು ತುಂಬಿ, ಎರಡೂ ಬಾಯಿಗೆ ಕಟ್ಟಿಗೆಯ ಬೂಚು ಬಡಿದು, ಕಾಸಿ ಬಗ್ಗಿಸಬೇಕು. ಹಿತ್ತಲಿನಿಂದ ತಂದ ಉಸುಕನ್ನು ಅತ್ತೆ ನೋಡಿದರು. ನಾವು ಜೈನರು, ನೀರನ್ನೂ ಸೋಸಿ ಕುಡಿಯುವವರು.

“ಇರಿವಿ ಇರ್ತಾವಪಾ ಅದರಾಗ. ಹಂಗ ಬೆಂಕಿಗಿ ಹಿಡಿಬ್ಯಾಡ, ತೊಳದ ಕೊಡ್ತೇನಿ,” ಎಂದರು.

ತೊಳೆದು, ಇರುವೆಗಳನ್ನು ಗಿಡದ ಬುಡಕ್ಕೆ ಬಿಟ್ಟು, ಉಸುಕನ್ನು ಬಿಸಿಲಿಗೆ ಹರವಿದರು. ಮೇಲಷ್ಟೇ ಒಣಗಿತ್ತು, ಅಷ್ಟರಲ್ಲಿ ಒಳಗಿನಿಂದ ನಾದಿನಿ ನರಳಿದ್ದು ಕೇಳಿತು. ಇವರು ಕಾಯಲಿಲ್ಲ. ಉಸುಕು ತುಂಬಿ, ಬೂಚು ಬಡಿದು, ಪೈಪನ್ನು ಬಚ್ಚಲ ಒಲೆಗೆ ಹಿಡಿದರು. ಇನ್ನೂ ಹಸಿ ಇದ್ದೀತು ಎಂದೆ. ಹೆಂಡತಿ ಮಾತು ಯಾವ ಗಂಡಸಿನ ಕಿವಿಗೆ ಬೀಳುತ್ತದೆ? ಪೈಪಿನೊಳಗೆ ಏನೋ ಸಣ್ಣಗೆ ಸಿಳ್ಳೆ ಹಾಕಿತು. ಇವರು ನೋಡಲು ಬಗ್ಗಿದರು. ಒಳಗಿನ ಆವಿಗೆ ಬೂಚು ಸಿಡಿದು ಎಡಗಣ್ಣಿಗೆ ಬಡಿಯಿತು.

ಕಣ್ಣಿಗೆ ಅರಿವೆ ಕಟ್ಟಿಕೊಂಡೇ ಪೈಪು ಬಗ್ಗಿಸಿ, ಉಸುಕು ಉದುರಿಸಿ, ಕಾರಿಗೆ ಕೂಡಿಸಿದರು. ಹಿಂದಿನ ಸೀಟಿನಲ್ಲಿ ನಾದಿನಿ ಅತ್ತೆಯ ತೊಡೆ ಹಿಡಿದು ಒರಲುತ್ತಿದ್ದಳು. ನಾನು ಇವರ ಎಡಕ್ಕೆ ಕೂತು, ಆ ಬದಿಯ ತಗ್ಗು, ಚಕ್ಕಡಿ, ದನ ಎಲ್ಲ ಹೇಳುತ್ತ ಹೋದೆ. ರಕ್ತ ಇವರ ಅಂಗಿಗೆ ಇಳಿಯುತ್ತಿತ್ತು. ಅದನ್ನು ನೋಡಿದರೆ ರಸ್ತೆ ತಪ್ಪುತ್ತಿತ್ತು, ನೋಡಲಿಲ್ಲ.

ಗೋಕಾಕದ ದವಾಖಾನೆಯಲ್ಲಿದ್ದದ್ದು ಒಬ್ಬರೇ ಡಾಕ್ಟರು. ಅವರು ನೇರ ಇವರ ಕಣ್ಣಿನ ಅರಿವೆಗೇ ಕೈ ಹಾಕಿದರು.

“ಮೊದಲ ಆಕಿನ್ನ ನೋಡ್ರಿ,” ಎಂದು ಇವರು ಕೈ ಸರಿಸಿದರು. “ನಾ ಕುಂದರ್ತೇನಿ.”

ಬಹಳ ಹೊತ್ತಿನ ಮೇಲೆ ಕೂಸು ಅತ್ತಿತು. ಡಾಕ್ಟರು ಹೊರಗೆ ಬಂದು ಅರಿವೆ ಬಿಚ್ಚಿ ನೋಡಿ, ಕಣ್ಣು ಉಳಿಯುವ ಹೊತ್ತು ಮೀರಿತು ಎಂದರು. ಅತ್ತೆ ಕೂಸನ್ನು ನನ್ನ ಕೈಗಿಟ್ಟರು. ಅದು ಎರಡೂ ಕಣ್ಣು ಬಿಟ್ಟು ಪಿಳಿಪಿಳಿ ನೋಡಿತು. ಸಿಟ್ಟು ಬಂತು ನನಗೆ, ಆ ಹಸುಗೂಸಿನ ಮೇಲೆ. ಆದರೂ ಯಾರ ಕೈಗೂ ಕೊಡಲಿಲ್ಲ.