ತೊಟ್ಟಿಯಲ್ಲಿ ಹುಳಿತ ಕಾಫಿ

ಅತ್ತಿಗುಂಡಿಯಲ್ಲಿ ಬಿಳಿ ದೊರೆಯೊಬ್ಬನ ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರಾಗಿದ್ದೆ. ಒಮ್ಮೆ, ಸಿಪ್ಪೆ ಬಿಡಿಸಿ ತೊಟ್ಟಿಗೆ ಹಾಕಿಸಿದ್ದ ಕಾಫಿ ಬೀಜವನ್ನು ಮರುದಿನ ಲೋಳೆ ಹೋಗುವಂತೆ ತೊಳೆಸಲು ಹೇಳುವುದನ್ನೇ ಮರೆತು, ಹೆಂಡತಿಯೊಂದಿಗೆ ಅವಳ ತವರಿನ ಹಬ್ಬಕ್ಕೆ ಹೋದೆ. ಹಿಂತಿರುಗುವಷ್ಟರಲ್ಲಿ ಕಾಫಿ ಹುಳಿತು ನಾರುತ್ತಿತ್ತು. ಬಿಳಿ ದೊರೆ ಒಂದು ಮಾತೂ ಆಡಲಿಲ್ಲ. ಅದೇ ನನ್ನನ್ನು ಚುಚ್ಚುತ್ತಿತ್ತು. ಮನೆಯಲ್ಲಿ ವಿಷಯ ಹೇಳದೆ, ಸಾರಿಗೆ ಉಪ್ಪು ಸಾಲದೆಂದು, ಬಾಗಿಲು ಜೋರಾಗಿ ಹಾಕಿದಳೆಂದು ಹದಿನೈದು ದಿನ ಅವಳ ಮೇಲೆ ಹಾರಾಡಿದೆ.

ಒಂದು ಬೆಳಗ್ಗೆ ತೊಟ್ಟಿಯ ಬಳಿ ನಿಂತಾಗ, ಈ ತಪ್ಪು ಆಳುಗಳ ಮೇಸ್ತ್ರಿಯದಾಗಿದ್ದರೆ ‘ಹೋಗ್ಲಿ ಬಿಡು ಮಾರಾಯ’ ಅನ್ನುತ್ತಿದ್ದೆನಲ್ಲ ಅನ್ನಿಸಿತು. ಅದನ್ನೇ ನನಗೂ ಹೇಳಿಕೊಂಡೆ. ಊಟಕ್ಕೆ ಬಂದವನು ಅವಳಿಗೆ ಎಲ್ಲ ಹೇಳಿದೆ.

ಅವಳು ನಕ್ಕು, ನನ್ನ ಎಲೆಗೆ ತುಪ್ಪ ಬಡಿಸಿದಳು.

“ಅಷ್ಟೇನಾ? ನಾನೇನು ತಪ್ಪು ಮಾಡ್ದೆ ಅಂತ ಹದಿನೈದು ದಿನದಿಂದ ಹುಡುಕ್ತಾ ಇದ್ದೆ.”